ಇಂಚಿನ ಆಸೆ, ಎರೆ ಮಣ್ಣಿನ ಲೆಕ್ಕ

ಸಾಂಗ್ಲಿಗೂ ಮಿರಜಿಗೂ ನಡುವಿನ ದಾರಿ ಹತ್ತು ಕಿಲೋಮೀಟರಿನ ಆಸುಪಾಸು. ಈ ದಾರಿಯಲ್ಲಿ ಫೋರ್ ಬೈ ಫೋರ್ ಬೇಕೇ ಬೇಕು ಅನ್ನುವಂಥ ಜಾಗ ಒಂದೂ ಇಲ್ಲ. ಹಂಪ್‌ಗಳಿವೆ, ಮಳೆಗಾಲ ಮುಗಿಯುವ ಹೊತ್ತಿಗೆ ತಗ್ಗುಗಳೂ ಇರುತ್ತವೆ, ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಉಸ್ಸೆನ್ನುತ್ತ ಹೋಗುವ ಟ್ರ್ಯಾಕ್ಟರ್‌ಗಳಿರುತ್ತವೆ, ಅಷ್ಟೆ. ಆದರೂ ವಿಶ್ರಾಮಬಾಗಿನ ಕಡೆ ಸ್ವಲ್ಪ ಹೊತ್ತು ನಿಂತರೆ ಸಾಕು, ಎಂಎಚ್-10 ಫಲಕದ ಥಾರ್, ಗಡಿ ದಾಟಿ ಬಂದ ಕೆಎ-23ರ ಜಿಮ್ನಿ, ಎಲ್ಲಿಂದಲೋ ಹುಡುಕಿ ತಂದು ರಿಪೇರಿ ಮಾಡಿಸಿದ ಹಳೇ ಜಿಪ್ಸಿ ಒಂದರ ಹಿಂದೆ ಒಂದು ಸಾಗುತ್ತವೆ. ಅರ್ಧಕ್ಕರ್ಧ ಗಾಡಿಗಳ ಗಾಲಿ ಕಂಪನಿಯಿಂದ ಬಂದದ್ದಲ್ಲ. ದಪ್ಪ, ಎತ್ತರ, ಮಡ್‌ಗಾರ್ಡಿನಿಂದ ಹೊರಗೆ ಇಣುಕುವಂಥವು. ಪೆಟ್ರೋಲ್ ಬಂಕಿನಲ್ಲಿ ಇಂಥ ಗಾಡಿಯವನಿಗೆ ಬೀಳುವ ಮೊದಲ ಪ್ರಶ್ನೆ, "ಎಷ್ಟ್ ಇಂಚಿಂದು ಹಾಕ್ಸೀರಿ ಅಣ್ಣಾರ?"

ಪ್ರಶ್ನೆಯೇ ತಪ್ಪು ಕಡೆಯಿಂದ ಶುರುವಾಗಿದೆ ಎಂಬುದು ನನ್ನ ತಕರಾರು. ದಿನಾ ಓಡಿಸುವ ಗಾಡಿಗೆ, ಅದರಲ್ಲೂ ಕೃಷ್ಣೆಯ ದಂಡೆಯ ಈ ಸೀಮೆಯಲ್ಲಿ ಓಡುವ ಗಾಡಿಗೆ, ಇಂಚಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಟೈರಿನ ಸೈಡ್‌ವಾಲ್ ಎಷ್ಟು ಎತ್ತರ, ಒಳಗೆ ಹವಾ ಎಷ್ಟು.

ದಿನಾ ಓಡಿಸುವವರು ಅಂದರೆ ಯಾರು? ಅಥಣಿ, ಕಾಗವಾಡ, ರಾಯಬಾಗದ ಕಡೆಯ ಕನ್ನಡ ಮನೆಗಳಿಗೆ ಮಿರಜ್ ಎಂದರೆ ದವಾಖಾನೆ ಮತ್ತು ರೈಲ್ವೆ ಜಂಕ್ಷನ್, ಸಾಂಗ್ಲಿ ಎಂದರೆ ಅರಿಶಿನದ ಪೇಟೆ. ಮ್ಹೈಸಾಳ, ಆರಗ, ಬೇಡಗದ ಕಡೆ ಹೊಲ, ಮಿರಜಿನಲ್ಲಿ ಮನೆ ಅಥವಾ ಅಂಗಡಿ ಇರುವವರು ಬಹಳ. ಹೀಗಾಗಿ ಒಂದೇ ಗಾಡಿ ವಾರದಲ್ಲಿ ಐದು ದಿನ ಡಾಂಬರಿನ ಮೇಲೆ ಓಡಿ, ಒಂದೆರಡು ದಿನ ಕಬ್ಬಿನ ಹೊಲದ ಎರೆ ಮಣ್ಣಿಗೆ ಇಳಿಯುತ್ತದೆ. ಅಂಥ ಗಾಡಿಯ ಲೆಕ್ಕ ಇದು. ಭಾನುವಾರ ಮಾತ್ರ ಅಂಬೋಲಿ ಘಾಟಿಗೆ ಹೋಗಿ ಕಲ್ಲು ಹತ್ತಿಸುವವರ ಲೆಕ್ಕ ಬೇರೆ.

ಮೊದಲು ಟೈರಿನ ಮೇಲಿನ ಬರಹ ಓದೋಣ. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್‌ಗೆ ಕಂಪನಿಯೇ ಎರಡು ಅಳತೆ ಕೊಟ್ಟಿತ್ತು. ಮೇಲಿನ ದರ್ಜೆಯ ಗಾಡಿಗೆ 255/65 ಆರ್18, ಕೆಳಗಿನದಕ್ಕೆ 245/75 ಆರ್16. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಸೈಡ್‌ವಾಲ್ ಆ ಅಗಲದ ಶೇಕಡಾ ಎಷ್ಟು ಎಂಬುದು. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಬೆರೆಸಿಟ್ಟ ಈ ಪದ್ಧತಿಯನ್ನು ಕಂಡುಹಿಡಿದವನು ಯಾರೋ, ಗಿರಾಕಿಯ ಮೇಲೆ ಅವನಿಗೆ ಪ್ರೀತಿಯಂತೂ ಇರಲಿಲ್ಲ. ಲೆಕ್ಕ ಬಿಡಿಸಿದರೆ 18 ಇಂಚಿನ ಟೈರಿನ ಪೂರ್ತಿ ಎತ್ತರ 789 ಮಿ.ಮೀ., ಸೈಡ್‌ವಾಲ್ 166. 16 ಇಂಚಿನದರ ಎತ್ತರ 774, ಸೈಡ್‌ವಾಲ್ 184. ಅಂದರೆ ಎರಡು ಇಂಚು ಚಿಕ್ಕ ರಿಮ್ಮಿನ ಟೈರಿಗೆ ಎತ್ತರ ಕಡಿಮೆಯಾದದ್ದು ಒಂದೂವರೆ ಸೆಂಟಿಮೀಟರ್ ಮಾತ್ರ. ಬದಲಿಗೆ ರಬ್ಬರ್ ಮತ್ತು ಗಾಳಿಯ ಪದರ ಸುಮಾರು ಎರಡು ಸೆಂಟಿಮೀಟರ್ ಹೆಚ್ಚು ಸಿಕ್ಕಿತು.

ಶೋರೂಮಿನಲ್ಲಿ 18ರ ಅಲಾಯ್ ಹೊಳೆಯುತ್ತ ನಿಂತಿರುತ್ತದೆ, 16ರ ಕಪ್ಪು ಉಕ್ಕಿನ ಡಿಸ್ಕ್ ಬಡಪಾಯಿಯಂತೆ ಕಾಣುತ್ತದೆ. ತಗ್ಗಿಗೆ ಬಿದ್ದಾಗ ಮಾತ್ರ ಯಾರು ಬಡಪಾಯಿ ಎಂದು ಗೊತ್ತಾಗುತ್ತದೆ. ಗಾಲಿ ಗುಂಡಿಯ ಅಂಚಿಗೆ ಬಡಿದಾಗ ಸೈಡ್‌ವಾಲ್ ಮಡಚಿಕೊಂಡು ಪೆಟ್ಟು ನುಂಗಬೇಕು. ಮಡಚಲು ಜಾಗ ಇಲ್ಲದಿದ್ದರೆ ರಿಮ್ ಮತ್ತು ಗುಂಡಿಯ ಅಂಚಿನ ನಡುವೆ ಟೈರಿನ ದಾರಗಳೇ ಸಿಕ್ಕಿ ಹರಿಯುತ್ತವೆ, ಸೈಡ್‌ವಾಲ್ ಮೇಲೆ ನಿಂಬೆಹಣ್ಣಿನಷ್ಟು ಗಂಟು ಏಳುತ್ತದೆ. ಆ ಗಂಟಿಗೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಟೈರೇ ಹೋದಂತೆ. ಉಕ್ಕಿನ ಡಿಸ್ಕ್ ಸೊಟ್ಟಾದರೆ ಬಡಿದು ಸರಿಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ಬೆಸುಗೆ ಹಾಕಿಸಿ ಓಡಿಸುವವರಿದ್ದಾರೆ, ನಾನಂತೂ ಅಂಥ ಗಾಡಿಯ ಪಕ್ಕದಲ್ಲಿ ಓಡಿಸಲಾರೆ. ರಿಮ್ ದೊಡ್ಡದು ಮಾಡುವುದೂ ಟೈರ್ ದೊಡ್ಡದು ಮಾಡುವುದೂ ಒಂದೇ ಅಲ್ಲ. ಹೊಲಕ್ಕೆ ಇಳಿಯುವ ಗಾಡಿಗೆ ಇವೆರಡು ಒಂದಕ್ಕೊಂದು ವಿರುದ್ಧವೇ. ನನ್ನನ್ನು ಕೇಳಿದರೆ, ಈ ಸೀಮೆಯಲ್ಲಿ ಥಾರ್‌ಗೆ ಮಾಡಿಸಬಹುದಾದ ಒಳ್ಳೆಯ ಬದಲಾವಣೆ ಎಂದರೆ 18 ಬಿಚ್ಚಿ 16 ಹಾಕಿಸುವುದು.

ಇನ್ನು ಎತ್ತರದ ಆಸೆ. 245/75ರ ಜಾಗದಲ್ಲಿ 265/75 ಆರ್16 ಹಾಕಿಸಿದರೆ ವ್ಯಾಸ 774ರಿಂದ 804 ಮಿ.ಮೀ. ಆಗುತ್ತದೆ. ಮೂರು ಸೆಂಟಿಮೀಟರ್ ಹೆಚ್ಚು. ಆದರೆ ಗಾಡಿ ಮೇಲೇಳುವುದು ಅದರ ಅರ್ಧ, ಒಂದೂವರೆ ಸೆಂಟಿಮೀಟರ್; ಉಳಿದ ಅರ್ಧ ಆಕ್ಸಲ್ಲಿನ ಮೇಲ್ಭಾಗದಲ್ಲಿ ಮಡ್‌ಗಾರ್ಡಿನ ಜಾಗ ತಿನ್ನುತ್ತದೆ. ಇನ್ನೂ ಮುಂದೆ ಹೋಗಿ 285/70 ಆರ್17 ಕೂರಿಸಿದರೆ 831 ಮಿ.ಮೀ. ಗಾಡಿ ಎದ್ದದ್ದು ಮೂರು ಸೆಂಟಿಮೀಟರಿಗೂ ಕಡಿಮೆ. ಥಾರ್‌ನ ನೆಲದಂತರ ಕಂಪನಿಯ ಲೆಕ್ಕದಲ್ಲೇ 226 ಮಿ.ಮೀ. ಇದೆ. ಸಾಂಗ್ಲಿ-ಮಿರಜ್ ರಸ್ತೆಯ ಯಾವ ಹಂಪೂ ಅದರ ಹೊಟ್ಟೆ ಮುಟ್ಟುವುದಿಲ್ಲ.

ಹೊಲದ ಮಾತು ಬೇರೆ ಅನ್ನುತ್ತೀರಿ. ಸರಿ, ಹೊಲಕ್ಕೇ ಇಳಿಯೋಣ.

ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಕಲ್ಲಾಗುತ್ತದೆ, ಒಂದು ಮಳೆಗೆ ಉಬ್ಬಿ ಅಂಟಾಗುತ್ತದೆ. ಅದರೊಳಗಿನ ಜೇಡಿ ನೀರು ಕುಡಿದು ಹಿಗ್ಗುವ ಜಾತಿಯದು. ಹಸಿ ಎರೆಯಲ್ಲಿ ಹತ್ತು ಮಾರು ಓಡಿದರೆ ಟೈರಿನ ಗೀರುಗಳೆಲ್ಲ ತುಂಬಿ ಗಾಲಿ ಮಣ್ಣಿನ ಉರುಳೆಯಾಗುತ್ತದೆ. ಆಮೇಲೆ ಮಣ್ಣಿನ ಮೇಲೆ ಮಣ್ಣು ಜಾರುತ್ತದೆ, ಟೈರು ಯಾವ ಕಂಪನಿಯದ್ದಾದರೂ ಒಂದೇ. ಅಂಗಡಿಯವರು ಬಟನ್ ಟೈರ್ ಎನ್ನುವ ಎಂಟಿ, ಅಂದರೆ ಮಡ್ ಟೆರೇನ್, ಇದಕ್ಕೆ ಉತ್ತರ ನಿಜ: ಅದರ ಗಟ್ಟಿಗಳ ನಡುವೆ ಅಗಲ ಜಾಗ ಇರುವುದರಿಂದ ಗಾಲಿ ಜೋರಾಗಿ ತಿರುಗಿದಾಗ ರಾಡಿ ಸಿಡಿದು ಹೋಗುತ್ತದೆ. ಆದರೆ ಅದೇ ಟೈರು ವಾರದ ಐದು ದಿನ ಡಾಂಬರಿನ ಮೇಲೆ ಗುಂಯ್ ಎಂದು ಹಾಡುತ್ತದೆ, ಮೊದಲ ಮಳೆಯ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ನಿಲ್ಲಲು ಹಿಂದೆಮುಂದೆ ನೋಡುತ್ತದೆ. ನಡುವಿನ ಜಾತಿ ಎಟಿ, ಆಲ್ ಟೆರೇನ್. ದಿನಬಳಕೆಗೆ ಇದೇ ಸಾಕು.

ಈ ಮಣ್ಣಿನಲ್ಲಿ ಗಾಲಿಯ ಪ್ರಶ್ನೆ ಥಾರ್ ಬಂದ ಮೇಲೆ ಹುಟ್ಟಿದ್ದಲ್ಲ. ಚಕ್ಕಡಿಯ ಕಾಲದ ಬಡಿಗ ಇದಕ್ಕೆ ಕೊಟ್ಟ ಉತ್ತರ ಎತ್ತರ: ಎದೆಮಟ್ಟದ ಕಟ್ಟಿಗೆಯ ಗಾಲಿ, ಸುತ್ತ ತೆಳು ಕಬ್ಬಿಣದ ಹಳಿ. ಗಾಲಿ ದೊಡ್ಡದಾದಷ್ಟೂ ತಗ್ಗು ದಿಣ್ಣೆಗಳ ಮೇಲೆ ಸಲೀಸಾಗಿ ಉರುಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಹಳಿ ತೆಳುವಾದದ್ದರಿಂದ ಹಸಿ ಹೊಲದಲ್ಲಿ ಅಚ್ಚಿನವರೆಗೂ ಹೂತುಹೋಗುತ್ತಿತ್ತು. ಆಮೇಲೆ ಬಂತು ಗಾಳಿ ಟೈರಿನ ಡನ್ಲಪ್ ಗಾಡಿ. ಅದರ ಗಾಲಿ ಚಕ್ಕಡಿಯದಕ್ಕಿಂತ ಎಷ್ಟೋ ಗಿಡ್ಡ. ಆದರೂ ಅದೇ ಜೋಡಿ ಎತ್ತು ಮೊದಲಿಗಿಂತ ಹೆಚ್ಚು ಕಬ್ಬು ಎಳೆದವು. ಸಕ್ಕರೆ ಕಾರ್ಖಾನೆಗಳ ಅಂಗಳ ತುಂಬಾ ಇವತ್ತಿಗೂ ನಿಲ್ಲುವುದು ಟೈರಿನ ಗಾಡಿಗಳೇ. ಅಮೆರಿಕದಲ್ಲಿ ಅಲಿಸ್-ಚಾಮರ್ಸ್ ಟ್ರ್ಯಾಕ್ಟರಿನ ಕಬ್ಬಿಣದ ಗಾಲಿ ತೆಗೆದು ಫೈರ್‌ಸ್ಟೋನಿನ ಗಾಳಿ ಟೈರ್ ಹಾಕಿದ್ದು 1932ರಲ್ಲಿ. ಅಲ್ಲೂ ಗೆದ್ದದ್ದು ಗಾಳಿಯೇ.

ಗಾಳಿ ಯಾಕೆ ಗೆಲ್ಲುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಜನ ಕೂತ ಥಾರ್ 1,800 ಕೆ.ಜಿ. ಅಂತಿಟ್ಟುಕೊಳ್ಳಿ, ಒಂದೊಂದು ಗಾಲಿಗೆ 450. ಟೈರು ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಒಳಗಿನ ಹವಾದ ಒತ್ತಡದಷ್ಟೇ. ಹವಾ 32 ಪಿಎಸ್‌ಐ ಇದ್ದಾಗ ನೆಲಕ್ಕೆ ತಾಗುವ ಜಾಗ ಸುಮಾರು 200 ಚದರ ಸೆಂಟಿಮೀಟರ್. 18ಕ್ಕೆ ಇಳಿಸಿದರೆ 350 ದಾಟುತ್ತದೆ. ಟೈರಿನ ಗಟ್ಟಿತನದಿಂದ ಈ ಅಂಕಿ ಆಚೀಚೆ ಆಗಬಹುದು, ಆದರೆ ಅಳತೆ ಒಂದು ಹೆಜ್ಜೆ ಹೆಚ್ಚಿಸಿ ಹವಾ ಹಾಗೇ ಬಿಟ್ಟರೆ ಇದರ ಹತ್ತಿರಕ್ಕೂ ಬರುವುದಿಲ್ಲ. ಒಂದು ಪೈಸೆ ಖರ್ಚಿಲ್ಲದೆ ವಾಲ್ವಿನ ಪಿನ್ನು ಒತ್ತಿ ಸಿಗುವ ಲಾಭವನ್ನು ಲಕ್ಷ ರೂಪಾಯಿಯ ಟೈರ್ ಕೊಡಲಾರದು. ಐಸ್‌ಲ್ಯಾಂಡಿನವರು ಹಿಮನದಿಯ ಮೇಲೆ 38, 44 ಇಂಚಿನ ಗಾಲಿಯ ಜೀಪು ಓಡಿಸುತ್ತಾರೆ, ಫೋಟೋ ನೋಡಿ ನಮ್ಮ ಹುಡುಗರು ಮರುಳಾಗುತ್ತಾರೆ. ಅಲ್ಲಿನ ಗುಟ್ಟು ಕೂಡ ಎತ್ತರದಲ್ಲಿಲ್ಲ. ಅಷ್ಟು ದೊಡ್ಡ ಟೈರಿನಲ್ಲಿ ಹವಾ ಮೂರು ನಾಲ್ಕಕ್ಕೆ ಇಳಿಸಿ ಹಿಮದ ಮೇಲೆ ತೇಲಿಸುವುದರಲ್ಲಿದೆ.

ಹವಾ ಇಳಿಸಲು ಎತ್ತರದ ಸೈಡ್‌ವಾಲ್ ಬೇಕು, ಅದಕ್ಕೇ 16ರ ರಿಮ್ಮಿನ ಪರ ಇಷ್ಟು ವಕಾಲತ್ತು. ಡಾಂಬರಿಗೆ ಹತ್ತಿದ ಕೂಡಲೇ ಹವಾ ಮತ್ತೆ ತುಂಬಬೇಕು, ಅದಕ್ಕೆ ಗಾಡಿಯಲ್ಲೊಂದು ಸಣ್ಣ ಕಂಪ್ರೆಸರ್ ಇರಲಿ. ಕಡಿಮೆ ಹವಾದಲ್ಲಿ ಜತ್ತಿನ ಬಿಸಿಲಲ್ಲಿ 80ರಲ್ಲಿ ಓಡಿಸಿದರೆ ಟೈರು ಒಳಗೊಳಗೇ ಬೆಂದು ಸಿಡಿಯುತ್ತದೆ. ಜತ್ತಿನ ಕಡೆ ಇನ್ನೊಂದು ವಿಷಯವೂ ಇದೆ. ಅಲ್ಲಿ ಮಣ್ಣು ತೆಳು, ಕೆಳಗೆ ಬೇಗನೆ ಗರಸು ಸಿಗುತ್ತದೆ. ಅಂಥಲ್ಲಿ ಕಡಿಮೆ ಅಗಲದ ಟೈರ್ ರಾಡಿಯನ್ನು ಸೀಳಿಕೊಂಡು ಗಟ್ಟಿ ನೆಲ ಹಿಡಿಯುತ್ತದೆ, ಅಗಲದ್ದು ಮೇಲೆಮೇಲೇ ಜಾರುತ್ತದೆ. ಕೃಷ್ಣೆಯ ದಂಡೆಯ ಆಳದ ಎರೆಯಲ್ಲಿ ಸೀಳುತ್ತ ಹೋದರೆ ತಳ ಸಿಗುವುದಿಲ್ಲ, ಡಿಫರೆನ್ಷಿಯಲ್ ಕೂತುಬಿಡುತ್ತದೆ. ಆಗ ಟ್ರ್ಯಾಕ್ಟರಿನವನಿಗೆ ಫೋನ್ ಹಚ್ಚುವುದೊಂದೇ ದಾರಿ. ಕಬ್ಬು ಕಡಿದ ಹೊಲದಲ್ಲಂತೂ ಓರೆಯಾಗಿ ಕತ್ತರಿಸಿದ ಕೂಳೆಗಳು ಈಟಿಯ ಮೊನೆಯಂತೆ ನಿಂತು ಸೈಡ್‌ವಾಲಿಗೇ ಚುಚ್ಚುತ್ತವೆ. ಸೈಡ್‌ವಾಲಿನ ತೂತಿಗೆ ಪ್ಯಾಚ್ ನಿಲ್ಲುವುದಿಲ್ಲ. ಟೈರ್ ಕೊಳ್ಳುವಾಗ ಸೈಡ್‌ವಾಲ್ ಎಷ್ಟು ಪದರದ್ದು ಎಂದು ಕೇಳುವುದು, ಇಂಚು ಕೇಳುವುದಕ್ಕಿಂತ ಉಪಯೋಗದ್ದು.

ದೊಡ್ಡ ಟೈರು ತೆಗೆದುಕೊಳ್ಳುವ ಸುಂಕದ ವಿಚಾರಕ್ಕೆ ಬರೋಣ. 774ರಿಂದ 831ಕ್ಕೆ ಹೋದರೆ ವ್ಯಾಸ ಶೇಕಡಾ 7ಕ್ಕಿಂತ ಹೆಚ್ಚು ಬೆಳೆಯುತ್ತದೆ. ಮುಳ್ಳು 80 ತೋರಿಸುವಾಗ ಗಾಡಿ, ಹಿಂದೆ ಇದ್ದದ್ದಕ್ಕಿಂತ, 6 ಕಿಲೋಮೀಟರ್ ಹೆಚ್ಚಿನ ವೇಗದಲ್ಲಿರುತ್ತದೆ. ಕಂಪನಿಯವರು ಮುಳ್ಳು ನಿಜಕ್ಕಿಂತ ತುಸು ಹೆಚ್ಚೇ ತೋರಿಸುವಂತೆ ಇಟ್ಟಿರುತ್ತಾರೆ, ಅದರಿಂದ ಸ್ವಲ್ಪ ಸರಿಹೋಗಬಹುದು, ಪೂರ್ತಿ ಅಲ್ಲ. ಇಲ್ಲೊಂದು ತಮಾಷೆಯೂ ಇದೆ. ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ಬಿತ್ತು ಎಂದು ಗೋಳಾಡುವವರ ನಷ್ಟದಲ್ಲಿ ಒಂದು ಪಾಲು ಸುಳ್ಳು: ಗಾಡಿ ನಿಜಕ್ಕೂ 100 ಕಿ.ಮೀ. ಓಡಿದಾಗ ಮೀಟರಿನಲ್ಲಿ 93 ಮಾತ್ರ ಏರುತ್ತದೆ. ಉಳಿದ ಪಾಲು ನಿಜ. ತೂಕ ಹೆಚ್ಚಿದ, ಗಟ್ಟಿ ಗಟ್ಟಿ ರಬ್ಬರಿನ ಟೈರ್ ಉರುಳಿಸಲು ಡೀಸೆಲ್ ಬೇಕೇ ಬೇಕು.

ಎಂಜಿನ್ನಿನ ತಿರುಚು ಬಲ ನೆಲಕ್ಕೆ ಮುಟ್ಟುವುದು ಗಾಲಿಯ ತ್ರಿಜ್ಯದಿಂದ ಭಾಗವಾಗಿ. ತ್ರಿಜ್ಯ ಶೇಕಡಾ 7 ಬೆಳೆದರೆ ಎಳೆಯುವ ಬಲ ಅಷ್ಟೇ ಕುಗ್ಗುತ್ತದೆ, ಬ್ರೇಕಿನ ಹಿಡಿತವೂ ಅಷ್ಟೇ. ಥಾರ್‌ನ ಡೀಸೆಲ್ ಎಂಜಿನ್ ಇದನ್ನು ತಾಳಿಕೊಳ್ಳುತ್ತದೆ. ಜಿಮ್ನಿಯ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ ತಾಳುವುದು ಕಷ್ಟ. ಅದಕ್ಕೆ ಕಂಪನಿ ಕೊಟ್ಟದ್ದು 195/80 ಆರ್15, ನೋಡಲು ಸ್ಕೂಟರಿನದೇನೋ ಅನಿಸುವಷ್ಟು ತೆಳು. ಅದನ್ನು ಕಿತ್ತು 235/75 ಹಾಕಿಸಿದವರು ನಾಲ್ಕು ಸೆಂಟಿಮೀಟರ್ ವ್ಯಾಸ ಗಳಿಸುತ್ತಾರೆ, ನೆಲದಿಂದ ಎರಡು ಸೆಂಟಿಮೀಟರ್ ಏಳುತ್ತಾರೆ, ಐದನೇ ಗೇರನ್ನು ಹೆಚ್ಚುಕಡಿಮೆ ಮರೆಯುತ್ತಾರೆ. ಮುಂದೆ ಇಡೀ ಆಕ್ಸಲ್ ಇರುವ ಇಂಥ ಗಾಡಿಗಳಲ್ಲಿ ಭಾರದ ಟೈರಿನ ಬ್ಯಾಲೆನ್ಸ್ ಚೂರು ತಪ್ಪಿದರೂ ಸ್ಟೇರಿಂಗ್ ಗಡಗಡ ನಡುಗಲು ಶುರುವಾಗುತ್ತದೆ.

ಹೊಂದಿಸುವ ಕೆಲಸ ಹೆಚ್ಚಿನ ಅಂಗಡಿಗಳಲ್ಲಿ ಮುಗಿಯುವುದು ನಟ್ ಬಿಗಿದಲ್ಲಿಗೆ. ಗಾಡಿ ಸಮ ನೆಲದ ಮೇಲೆ ನಿಂತಿದೆ, ಸುತ್ತ ನಾಲ್ಕು ಬೆರಳು ಜಾಗ ಇದೆ, ಆಯಿತು. ಪರೀಕ್ಷೆ ಅಲ್ಲಿಂದ ಶುರುವಾಗಬೇಕು. ಮುಂದಿನ ಬಲಗಾಲಿಯನ್ನು ಕಲ್ಲಿನ ದಿಬ್ಬದ ಮೇಲೋ ಗಟ್ಟಿ ರ‍್ಯಾಂಪಿನ ಮೇಲೋ ಹತ್ತಿಸಿ ಸ್ಪ್ರಿಂಗ್ ಪೂರ್ತಿ ಕೂರುವಂತೆ ಮಾಡಿ, ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಟಾರ್ಚ್ ಹಿಡಿದು ಒಳಗೆ ನೋಡಬೇಕು. ಹಿಂದಕ್ಕೆ ತಿರುಗಿದ ಟೈರಿನ ಭುಜ ಪ್ಲಾಸ್ಟಿಕ್ ಲೈನರಿಗೆ, ಇಲ್ಲವೇ ಒಳಗಡೆ ಚಾಸಿಗೆ ತಾಗುತ್ತದೆಯೇ? ತಾಗುವ ಗಾಡಿಯ ಲೈನರಿನ ಮೇಲೆ ತಿಂಗಳೊಪ್ಪತ್ತಿನಲ್ಲಿ ಬಿಲ್ಲಿನಾಕಾರದ ನುಣುಪು ಗುರುತು ಮೂಡುತ್ತದೆ. ತಾಗಬಾರದೆಂದು ಸ್ಪೇಸರ್ ಹಾಕಿ ಗಾಲಿಯನ್ನು ಹೊರಕ್ಕೆ ತಳ್ಳುವುದು ಅಂಗಡಿಯ ಸುಲಭದ ಉಪಾಯ. ಅದರಿಂದ ಭಾರ ಬೇರಿಂಗಿನಿಂದ ದೂರ ಹೋಗಿ ಬೇರಿಂಗ್ ಬೇಗ ಸವೆಯುತ್ತದೆ, ಹಾರುವ ರಾಡಿ, ಕಲ್ಲು ನೇರ ಬಾಗಿಲಿಗೆ ಬಡಿಯುತ್ತದೆ.

ಹೊಸ ಅಳತೆಗೆ ಹವಾ ಎಷ್ಟು? ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿ ಹಳೇ ಟೈರಿನದು. ಸೀಮೆಸುಣ್ಣದಿಂದ ಟೈರಿನ ಮೈಗೆ ಅಡ್ಡಲಾಗಿ ದಪ್ಪ ಗೆರೆ ಎಳೆದು, ಸಪಾಟು ರಸ್ತೆಯಲ್ಲಿ ನೆಟ್ಟಗೆ ಸ್ವಲ್ಪ ದೂರ ಓಡಿಸಿ ಇಳಿದು ನೋಡಿ. ನಡುವೆ ಮಾತ್ರ ಗೆರೆ ಅಳಿಸಿದ್ದರೆ ಹವಾ ಹೆಚ್ಚು. ಎರಡು ಅಂಚಿನಲ್ಲಿ ಅಳಿಸಿ ನಡುವೆ ಉಳಿದಿದ್ದರೆ ಕಡಿಮೆ. ಉದ್ದಕ್ಕೂ ಸಮನಾಗಿ ಅಳಿಸುವವರೆಗೆ ಎರಡೆರಡು ಅಂಕಿ ಏರಿಸಿ ಇಳಿಸಿ ನೋಡಿ, ಆ ಅಂಕಿ ಬರೆದಿಟ್ಟುಕೊಳ್ಳಿ.

ಸ್ಟೆಪ್ನಿಯನ್ನು ಎಲ್ಲರೂ ಮರೆಯುತ್ತಾರೆ. ಫೋರ್ ಬೈ ಫೋರ್ ಹಾಕಿದಾಗ ಥಾರ್‌ನಲ್ಲಾಗಲಿ ಜಿಮ್ನಿಯಲ್ಲಾಗಲಿ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದುಕೊಂಡು ತಿರುಗುತ್ತವೆ. ಒಂದು ಗಾಲಿ ಗಿಡ್ಡವಾದರೆ ಆ ಜಗಳವೆಲ್ಲ ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳ ಮೇಲೆ. ಹಾಗಾಗಿ ಕೊಳ್ಳಬೇಕಾದದ್ದು ನಾಲ್ಕಲ್ಲ, ಐದು. ಐದನೆಯದು ಹಿಂಬಾಗಿಲಿಗೆ ನೇತಾಡುತ್ತದೆ. ಹೆಚ್ಚಿದ ಐದಾರು ಕೆ.ಜಿ. ಭಾರಕ್ಕೆ ಕೀಲು ಸಡಿಲಾಗಿ ಬಾಗಿಲು ಕಟಕಟ ಅನ್ನತೊಡಗುತ್ತದೆ.

ಈ ಊರಿನಲ್ಲಿ ದೊಡ್ಡ ಗಾಲಿಯ ಮಾತೆತ್ತಿದರೆ ಕೊನೆಗೆ ಮಹಾಪೂರಕ್ಕೆ ಬಂದು ನಿಲ್ಲುತ್ತದೆ. ಸಾಂಗ್ಲಿಯಲ್ಲಿ ಕೃಷ್ಣೆಯ ನೀರು ಅಳೆಯುವುದು 1929ರ ಅಯರ್ವಿನ್ ಸೇತುವೆಯ ಹತ್ತಿರ. 45 ಅಡಿ ಅಪಾಯದ ಮಟ್ಟ. 2019ರ ಆಗಸ್ಟಿನಲ್ಲಿ 57 ಅಡಿ ದಾಟಿತ್ತು. "ಮತ್ತ ಅಂಥಾ ನೀರ್ ಬಂದ್ರ ಬೇಕಲ್ರಿ" ಎಂಬ ವಾದಕ್ಕೆ ಎದುರಾಡುವುದು ಕಷ್ಟ, ಭಯ ನಿಜವಾದದ್ದು. ಆದರೂ ಲೆಕ್ಕ ಒಪ್ಪುವುದಿಲ್ಲ. ಥಾರ್ 650 ಮಿ.ಮೀ. ನೀರಿನಲ್ಲಿ ಹೋಗಬಲ್ಲದು ಎಂದು ಕಂಪನಿ ಹೇಳುತ್ತದೆ. 265/75 ಹಾಕಿದರೆ ಇದಕ್ಕೆ ಸೇರುವುದು ಹೆಚ್ಚೆಂದರೆ 15. ಅದಕ್ಕಿಂತ ಮುಖ್ಯ, ಗಾಡಿ ತೇಲುತ್ತದೆ. ನಾಲ್ಕು ಮೀಟರ್ ಉದ್ದ, 1.8 ಮೀಟರ್ ಅಗಲದ ಪೆಟ್ಟಿಗೆಯ ತಳಕ್ಕೆ ನೀರು ಮುಟ್ಟಿದ ಮೇಲೆ ಪ್ರತಿ ಹತ್ತು ಸೆಂಟಿಮೀಟರಿಗೆ 700 ಕೆ.ಜಿ. ಭಾರ ಇಳಿಯುತ್ತದೆ. ಒಳಗೆ ನೀರು ನುಗ್ಗುವ ಮೊದಲು, ತಳದಿಂದ ಗೇಣಿಗಿಂತ ತುಸು ಹೆಚ್ಚು ಏರಿದರೆ 1,800 ಕೆ.ಜಿ.ಯ ಗಾಡಿಯ ಗಾಲಿಗೆ ನೆಲದ ಹಿಡಿತವೇ ಉಳಿಯದು. ದೊಡ್ಡ ಟೈರು ಇಲ್ಲಿ ವೈರಿಯೇ ಆಗುತ್ತದೆ: 265/75ರ ಒಂದು ಟೈರ್ ಪೂರ್ತಿ ಮುಳುಗಿದಾಗ ತಳ್ಳುವ ನೀರು 100 ಲೀಟರಿನ ಹತ್ತಿರ, ಡಿಸ್ಕ್ ಸಮೇತ ಟೈರಿನ ತೂಕ ಆ ನೀರಿನ ತೂಕದ ಮೂರನೇ ಒಂದು ಪಾಲು. ಹರಿಯುವ ನೀರಿನಲ್ಲಿ ಅವು ನಾಲ್ಕೂ ಸೇರಿ ಗಾಡಿಯನ್ನು ಎತ್ತಿಕೊಡುತ್ತವೆ. 2019ರಲ್ಲಿ ಜನರನ್ನು ಹೊರತಂದದ್ದು ದೋಣಿಗಳು.

ಕಾನೂನಿನ ಮಾತು ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷ ಸೇರಿಸಿದ 182-ಎ ಕಲಮಿನಲ್ಲಿ ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇವೆ. ಆಸ್ಟ್ರೇಲಿಯಾದಲ್ಲಿ ಫೋರ್ ಬೈ ಫೋರ್ ಗಾಡಿಗೆ ಮೂಲಕ್ಕಿಂತ 50 ಮಿ.ಮೀ. ವ್ಯಾಸ ಹೆಚ್ಚಿಸಬಹುದೆಂಬ ಸ್ಪಷ್ಟ ಗೆರೆ ಇದೆ. ನಮ್ಮಲ್ಲೂ ಅಂಥದ್ದೊಂದು ಗೆರೆ ಇದ್ದರೆ ಪೊಲೀಸರಿಗೂ ಗಾಡಿಯವರಿಗೂ ನೆಮ್ಮದಿ. ಸದ್ಯಕ್ಕೆ ಯಾರೂ ತಕರಾರು ಎತ್ತಲಾರದ ದಾರಿ, ಅದೇ ಮಾದರಿಯ ಬೇರೆ ದರ್ಜೆಗೆ ಕಂಪನಿಯೇ ಕೊಟ್ಟ ಅಳತೆಯೊಳಗೆ ಇರುವುದು. ಅದರಾಚೆ ಹೋದರೆ ಅಪಘಾತದ ದಿನ ವಿಮೆಯವನು ಮೊದಲು ನೋಡುವುದು ಗಾಲಿಯನ್ನೇ.

ಹಾಗೆಂದು 16ರ ಟೈರಿಗೆ ಹೊಸ ಬೆಲೆಯನ್ನೇ ಕೊಡಬೇಕಿಲ್ಲ. ಹೊಸ ಗಾಡಿ ಮನೆಗೆ ತಂದ ವಾರದಲ್ಲೇ ಕಂಪನಿಯ ಗಾಲಿ ಬಿಚ್ಚಿಸಿ ದೊಡ್ಡದು ಹಾಕಿಸುವವರಿಂದಾಗಿ, ನೂರು ಕಿಲೋಮೀಟರೂ ಓಡದ ಟೈರು, ಉಕ್ಕಿನ ಡಿಸ್ಕ್ ಸಮೇತ ಅಂಗಡಿಗಳ ಹಿಂದಿನ ಗೋಡೆಗೆ ಒರಗಿರುತ್ತವೆ. ಗಿರಾಕಿ ಕಡಿಮೆ, ಚೌಕಾಸಿಗೆ ಜಾಗ ಇದೆ. ಕೊಳ್ಳುವ ಮುಂಚೆ ಸೈಡ್‌ವಾಲ್ ಮೇಲಿನ ನಾಲ್ಕಂಕಿ ನೋಡಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಐದಕ್ಕೂ ಒಂದೇ ವರ್ಷ ಇರಲಿ. ಒಳಗಡೆ ಕೈಯಾಡಿಸಿ ಪ್ಯಾಚ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬ್ಯಾಲೆನ್ಸ್ ಮಾಡಿಸಿ ಕೂರಿಸಿದ ಮೇಲೆ ಮ್ಹೈಸಾಳಿಗೆ ಒಂದೆರಡು ಸಲ ಹೋಗಿ ಬಂದು ನಟ್‌ಗಳನ್ನು ಇನ್ನೊಮ್ಮೆ ಬಿಗಿಸಿ.